ಅಳತೆ ಪುಸ್ತಕಕ್ಕಿಂತ ಬೇಗ: ಬೆಂಗಳೂರಿನಲ್ಲಿ ಒಂದು ಸಣ್ಣ ಆ್ಯಪ್ ಕಟ್ಟಿ ಜನರಿಗೆ ಮುಟ್ಟಿಸುವ ಬಗೆ

ಶ್ರೀರಾಂಪುರದ ಒಂದು ಅಡ್ಡರಸ್ತೆಯಲ್ಲಿ ಎಂಟಡಿ ಅಗಲದ ಟೈಲರ್ ಅಂಗಡಿ ಇದೆ. ಅಲ್ಲಿ ಬ್ಲೌಸ್ ಹೊಲಿಯುವ ಅಕ್ಕನ ಹತ್ತಿರ ಹನ್ನೊಂದು ಅಳತೆ ಪುಸ್ತಕಗಳಿದ್ದವು. ಹಳೇ ಕಸ್ಟಮರ್ ಬಂದು "ಹೋದ ಸಲದ ಅಳತೆನೇ ಇರ್ಲಿ ಅಕ್ಕ" ಅಂದರೆ ಸಾಕು, ಅಕ್ಕ ಮಿಷನ್ ನಿಲ್ಲಿಸಿ ಆ ಹನ್ನೊಂದನ್ನೂ ತಿರುವಿ ಹಾಕಬೇಕಿತ್ತು. ಇದನ್ನು ಫೋನಿಗೆ ತರಬಹುದಲ್ವಾ ಅಂತ ನನಗೆ ಹೊಳೆದಿದ್ದು ಅಲ್ಲೇ, ನನ್ನ ಬ್ಲೌಸ್‌ಗೆ ಕಾಯುತ್ತಾ ಸ್ಟೂಲಿನ ಮೇಲೆ ಕೂತಿದ್ದಾಗ.

ಆ ಆ್ಯಪ್‌ಗೆ ಈಗ ಮೂರನೇ ವರ್ಷ. ನಾನು ಮತ್ತು ಒಬ್ಬ ಗೆಳತಿ, ಇಬ್ಬರೇ ನಡೆಸುತ್ತಿದ್ದೇವೆ. ಈ ದಾರಿಯಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ನಿಮ್ಮ ಆ್ಯಪ್ ಟೈಲರ್‌ಗಳಿಗೇ ಆಗಬೇಕಿಲ್ಲ. ಹೂವಿನ ಅಂಗಡಿಗೆ, ಪಿಜಿ ನಡೆಸುವವರಿಗೆ, ಸ್ಕೂಲ್ ವ್ಯಾನ್ ಓಡಿಸುವವರಿಗೆ, ಯಾರಿಗೆ ಬೇಕಾದರೂ ಆಗಲಿ. ನಿಮ್ಮ ಆ್ಯಪ್ ಬರುವ ಮುಂಚೆಯೂ ಅವರ ಕೆಲಸ ಹೇಗೋ ನಡೆಯುತ್ತಿತ್ತು. ಒಂದು ಪುಸ್ತಕವೋ, ಗೋಡೆಯ ಕ್ಯಾಲೆಂಡರೋ, ಬರೀ ನೆನಪೋ ಆ ಕೆಲಸ ಮಾಡುತ್ತಿತ್ತು. ನೀವು ಅದಕ್ಕಿಂತ ಬೇಗ ಆಗಬೇಕು, ಅದರಷ್ಟೇ ನಂಬಿಕೆಗೆ ಅರ್ಹರಾಗಬೇಕು. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

1. ಕೋಡ್ ಬರೆಯುವ ಮುಂಚೆ ಅಂಗಡಿಯಲ್ಲಿ ಕೂರಿ

ಕನಿಷ್ಠ ಮೂರು ದಿನ ಕೂರಿ. ಮೂರು ಬೇರೆ ಬೇರೆ ಅಂಗಡಿಗಳಾದರೆ ಇನ್ನೂ ಒಳ್ಳೆಯದು.

"ಇಂಥ ಆ್ಯಪ್ ಬಂದರೆ ಬಳಸ್ತೀರಾ?" ಅಂತ ಮಾತ್ರ ಕೇಳಬೇಡಿ. ನಮ್ಮ ಜನ ದಾಕ್ಷಿಣ್ಯದವರು. ಎದುರಿಗೆ ಬಂದು ಕೂತವರಿಗೆ ಬೇಡ ಅನ್ನುವುದಿಲ್ಲ. "ಹೂಂ, ಚೆನ್ನಾಗಿರುತ್ತೆ ಬಿಡಮ್ಮ" ಅಂತಾರೆ. ನೀವು ಖುಷಿಯಿಂದ ಮನೆಗೆ ಹೋಗಿ ಆರು ತಿಂಗಳು ಕೆಲಸ ಮಾಡುತ್ತೀರಿ. ಅದರ ಬದಲು ಆಗಿಹೋದದ್ದನ್ನು ಕೇಳಿ. "ಹೋದ ವಾರ ಯಾರ ಅಳತೆ ಸಿಗಲಿಲ್ಲ? ಆಗ ಏನು ಮಾಡಿದ್ರಿ? ಎಷ್ಟು ಹೊತ್ತಾಯ್ತು?" ನಡೆದ ಸಂಗತಿಯನ್ನು ಹೇಳುವಾಗ ದಾಕ್ಷಿಣ್ಯಕ್ಕೆ ಜಾಗ ಇರುವುದಿಲ್ಲ.

ಮಾತಿಗಿಂತ ಜಾಸ್ತಿ ಕೈಗಳನ್ನು ನೋಡಿ. ಅಕ್ಕನ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಪೆನ್ನು. ಬೆರಳಿಗೆ ಚಾಕ್ ಪುಡಿ. ಫೋನ್ ಮಿಷನ್ ಪಕ್ಕದಲ್ಲಿ ಚಾರ್ಜಿಗೆ ಹಾಕಿರುತ್ತದೆ, ವೈರು ಚಿಕ್ಕದು. ಅಂದರೆ ನಮ್ಮ ಆ್ಯಪ್ ಅನ್ನು ಒಂದೇ ಕೈಯಲ್ಲಿ, ಹೆಬ್ಬೆರಳಿನಲ್ಲಿ, ಬಗ್ಗಿ ನೋಡುತ್ತಾ ಬಳಸುತ್ತಾರೆ. ಇದು ಯಾವ ಪ್ರಶ್ನೆಗೂ ಉತ್ತರವಾಗಿ ಬರಲಿಲ್ಲ. ಕೂತು ನೋಡಿದ್ದರಿಂದ ಗೊತ್ತಾಯಿತು.

ಈ ಊರಿನಲ್ಲೇ ಹುಟ್ಟಿದ, ಬಸ್ ಟಿಕೆಟ್ ಬುಕ್ ಮಾಡಿಕೊಡುವ ರೆಡ್‌ಬಸ್ ಶುರುವಾಗಿದ್ದೂ ಇಂಥ ಒಂದು ನಿಜವಾದ ತೊಂದರೆಯಿಂದ. ಅದರ ಸ್ಥಾಪಕರಲ್ಲೊಬ್ಬರು 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಅನುಭವವೇ 2006ರಲ್ಲಿ ಕಂಪನಿಯಾಯಿತು. ತೊಂದರೆ ಯಾರದ್ದು, ಯಾವ ದಿನದ್ದು ಅಂತ ಬೆರಳಿಟ್ಟು ತೋರಿಸುವಂತಿರಬೇಕು.

2. ಆ್ಯಪ್ ಇಲ್ಲದೆಯೇ ಒಂದು ತಿಂಗಳು ಕೆಲಸ ಮಾಡಿಕೊಡಿ

ಊರೊಳಗೆ ಸಾಮಾನು ತಂದುಕೊಡುತ್ತಿದ್ದ ಬೆಂಗಳೂರಿನ ಡನ್ಜೋ ಮೊದಲು ನಡೆದದ್ದು ವಾಟ್ಸ್‌ಆ್ಯಪ್‌ನಲ್ಲೇ. ಜನ ಮೆಸೇಜ್ ಹಾಕುತ್ತಿದ್ದರು, ಆ ಕಡೆ ಇದ್ದವರು ಕೆಲಸ ಮಾಡಿಕೊಡುತ್ತಿದ್ದರು. ಆ್ಯಪ್ ಬಂದಿದ್ದು ಆಮೇಲೆ. ನಾನೂ ಇದನ್ನೇ ಮಾಡಿದೆ. ಐದು ಜನ ಟೈಲರ್‌ಗಳಿಗೆ "ಅಳತೆ ಬರೆದ ಹಾಳೆಯ ಫೋಟೋ ನನಗೆ ಕಳಿಸಿ, ಬೇಕಾದಾಗ ಕೇಳಿ, ಹುಡುಕಿ ಕೊಡ್ತೀನಿ" ಅಂದೆ. ಬಂದದ್ದನ್ನು ರಾತ್ರಿ ಕೂತು ಎಕ್ಸೆಲ್ ಶೀಟಿಗೆ ಹಾಕುತ್ತಿದ್ದೆ.

ಎರಡನೇ ವಾರಕ್ಕೆ ಮೂವರು ಫೋಟೋ ಕಳಿಸುವುದನ್ನು ನಿಲ್ಲಿಸಿದರು. ನನಗೆ ಬೇಜಾರಾಯಿತು, ಆದರೆ ಹೋಗಿ ಕೇಳಿದ್ದರಿಂದ ಬಹಳ ಉಪಯೋಗವಾಯಿತು. ಇಬ್ಬರ ಹತ್ತಿರ ದಿನಕ್ಕೆ ಎರಡೋ ಮೂರೋ ಬ್ಲೌಸ್ ಬರುತ್ತಿದ್ದವು, ಎಲ್ಲವೂ ನೆನಪಿನಲ್ಲೇ ಇರುತ್ತಿತ್ತು. ಅವರಿಗೆ ಆ್ಯಪ್ ಬೇಕಾಗಿಯೇ ಇರಲಿಲ್ಲ. ಉಳಿದವರು ಅಳತೆಗಿಂತ ಜಾಸ್ತಿ ಕೇಳಿದ್ದು ಬೇರೆ ಎರಡು ಸಂಗತಿ: "ಅವರು ತೋರಿಸಿದ್ದ ಡಿಸೈನ್ ಯಾವುದು?" ಮತ್ತು "ಅಡ್ವಾನ್ಸ್ ಎಷ್ಟು ಕೊಟ್ಟಿದ್ರು?" ನಾನು ಇಪ್ಪತ್ತು ಅಂಶಗಳ ಪಟ್ಟಿ ಮಾಡಿಟ್ಟಿದ್ದೆ. ಅದರಲ್ಲಿ ಉಳಿದದ್ದು ಮೂರು: ಅಳತೆ, ಡಿಸೈನ್ ಫೋಟೋ, ಬಾಕಿ ಲೆಕ್ಕ. ಯಾರಿಗೆ ಕಟ್ಟುತ್ತಿದ್ದೇವೆ ಅನ್ನುವುದೂ ಆಗಲೇ ಸ್ಪಷ್ಟವಾಯಿತು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಪೀಸ್ ಬರುವ ಅಂಗಡಿಗೆ.

ನಿಮ್ಮ ವಿಷಯದಲ್ಲೂ ಒಂದು ತಿಂಗಳು ಹೀಗೆ ಕೈಯಾರೆ ಮಾಡಿ ನೋಡಿ. ಇದಕ್ಕೆ ಆಗುವ ಖರ್ಚು ನಿಮ್ಮ ನಿದ್ದೆಯ ಸ್ವಲ್ಪ ಹೊತ್ತು ಮಾತ್ರ.

3. ಸ್ಕ್ರೀನ್‌ಗಳನ್ನು ಕಾಗದದ ಮೇಲೆ ಬರೆಯಿರಿ

ಫೋನ್ ಅಳತೆಗೆ ಕತ್ತರಿಸಿದ ಹಾಳೆ, ಪೆನ್ಸಿಲ್, ಇಷ್ಟು ಸಾಕು. ಒಂದು ಹಾಳೆ ಒಂದು ಸ್ಕ್ರೀನ್. ಅದನ್ನು ಅಕ್ಕನ ಮುಂದಿಟ್ಟು "ಹೊಸ ಕಸ್ಟಮರ್ ಬಂದಿದ್ದಾರೆ, ಎಲ್ಲಿ ಒತ್ತುತ್ತೀರಿ?" ಅಂತ ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಅವರು ತಡವರಿಸಿದಾಗ ಹೇಳಿಕೊಡಬೇಕು ಅನಿಸುತ್ತದೆ. ಹೇಳಿಕೊಡಬೇಡಿ, ತಡವರಿಸಿದ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ನನ್ನ ಮೊದಲ ಚಿತ್ರದಲ್ಲಿ ಅಳತೆ ಬರೆಯುವ ಮುಂಚೆ ಏಳು ಖಾನೆಗಳಿದ್ದವು. ಹೆಸರು, ವಿಳಾಸ, ಇಮೇಲ್, ಹುಟ್ಟಿದ ದಿನ, ಇನ್ನೂ ಏನೇನೋ. ಅಕ್ಕ ನೋಡಿ ಹೇಳಿದರು: "ಇಷ್ಟೆಲ್ಲಾ ಒತ್ತೋ ಹೊತ್ತಿಗೆ ಇನ್ನೊಂದು ಬ್ಲೌಸ್ ಕಟ್ ಮಾಡ್ಬೋದು ಕಣಮ್ಮ." ಹೆಸರು ಮತ್ತು ಫೋನ್ ನಂಬರ್ ಬಿಟ್ಟು ಎಲ್ಲ ತೆಗೆದೆವು.

ಇನ್ನೊಂದು ದೊಡ್ಡ ಪಾಠ ಅಂಕಿಯದ್ದು. ಫೋನಿನ ಮಾಮೂಲಿ ಅಂಕಿ ಕೀಬೋರ್ಡಿನಲ್ಲಿ ದಶಾಂಶ ಚುಕ್ಕಿ ಇರುತ್ತದೆ. ಆದರೆ ಟೈಲರ್ ಯಾರೂ "ಹದಿನಾಲ್ಕು ಪಾಯಿಂಟ್ ಐದು" ಅನ್ನುವುದಿಲ್ಲ. ಹದಿನಾಲ್ಕೂವರೆ ಅಂತಾರೆ. ಹದಿನಾಲ್ಕೂಕಾಲು, ಹದಿನಾಲ್ಕೂ ಮುಕ್ಕಾಲು ಅಂತಾರೆ. ಹಾಗಾಗಿ ನಾವೇ ಒಂದು ಕೀಪ್ಯಾಡ್ ಮಾಡಿ ಚುಕ್ಕಿಯ ಜಾಗದಲ್ಲಿ ¼, ½, ¾ ಅಂತ ಮೂರು ಬಟನ್ ಇಟ್ಟೆವು. ಇಡೀ ಆ್ಯಪ್‌ನಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ಇದನ್ನೇ. ನಿಮ್ಮ ಜನ ಯಾವ ಲೆಕ್ಕದಲ್ಲಿ ಯೋಚಿಸುತ್ತಾರೆ ಅಂತ ನೋಡಿಕೊಳ್ಳಿ. ಹೂವು ಮಾರುವವರು ಮೊಳ, ಮಾರು ಅಂತಾರೆ. ಅವರಿಗೆ ಮೀಟರ್ ಕೊಟ್ಟರೆ ಆ್ಯಪ್ ಮುಚ್ಚಿ ಇಡುತ್ತಾರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆರಳಿನಿಂದ ಒತ್ತುವ ಯಾವ ಜಾಗವೂ ಆಂಡ್ರಾಯ್ಡ್‌ನಲ್ಲಿ 48 ಡಿಪಿಗಿಂತ, ಐಫೋನ್‌ನಲ್ಲಿ 44 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಡಿಪಿ, ಪಾಯಿಂಟ್ ಅಂದರೆ ಸ್ಕ್ರೀನಿನ ಮೇಲೆ ಗಾತ್ರ ಅಳೆಯುವ ಮಾನಗಳು. ಗೂಗಲ್, ಆಪಲ್ ಕಂಪನಿಗಳೇ ಹೇಳುವ ಅಳತೆ ಇದು. ಮುಖ್ಯ ಬಟನ್‌ಗಳು ಕೆಳಗಿರಲಿ, ಹೆಬ್ಬೆರಳು ಅಲ್ಲಿರುತ್ತದೆ. ಹುಡುಕಲು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಸಾಕಾಗುವಂತೆ ಮಾಡಿ. ಒಂದೇ ಹೆಸರನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ, ಹೆಸರಿನಿಂದ ಹುಡುಕುವುದು ಕಷ್ಟ. ಲಾಗಿನ್ ಅನ್ನು ಮೊದಲ ಸ್ಕ್ರೀನಿನಲ್ಲಿ ಇಡಬೇಡಿ. ಮೊದಲ ಅಳತೆ ಬರೆದು, ಅದು ಉಳಿಯಬೇಕು ಅಂತ ಅವರಿಗೇ ಅನಿಸಿದ ಮೇಲೆ ಓಟಿಪಿ ಕೇಳಿ.

4. ಕನ್ನಡವನ್ನು ಕೊನೆಯಲ್ಲಿ ಅಂಟಿಸಬೇಡಿ

ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಬೆಂಗಳೂರಿನಲ್ಲಿ ತಯಾರಾಗುವ ಎಷ್ಟೋ ಆ್ಯಪ್‌ಗಳಲ್ಲಿ ಕನ್ನಡ ಇರುತ್ತದೆ, ಆದರೆ ಅದನ್ನು ಯಾರೂ ಓದಿ ನೋಡಿರುವುದಿಲ್ಲ. ಇಂಗ್ಲಿಷ್‌ನಲ್ಲಿ ಎಲ್ಲ ಮುಗಿಸಿ, ಪದಗಳ ಪಟ್ಟಿಯನ್ನು ಅನುವಾದಕ್ಕೆ ಕಳಿಸಿ, ಬಂದದ್ದನ್ನು ಹಾಗೇ ತುಂಬಿರುತ್ತಾರೆ.

ಮೊದಲು ಪದ. ನಾನು "ವಿತರಣಾ ದಿನಾಂಕ" ಅಂತ ಬರೆದಿದ್ದೆ. ಅಕ್ಕ "ವಿತರಣಾ ಅಂದ್ರೆ ಏನಮ್ಮ?" ಅಂತ ಕೇಳಿದರು. ಈಗ ಅಲ್ಲಿ "ಯಾವತ್ತು ಕೊಡಬೇಕು?" ಅಂತ ಇದೆ. "ಮುಂಗಡ ಪಾವತಿ" ಹೋಗಿ "ಅಡ್ವಾನ್ಸ್" ಆಯಿತು. "ಉಳಿಸಿ" ಅನ್ನುವುದನ್ನು ಒಬ್ಬರು ದುಡ್ಡು ಉಳಿಸುವುದು ಅಂದುಕೊಂಡರು, ಅದು "ಸೇವ್" ಆಯಿತು. ಹಾಗಂತ ಎಲ್ಲವೂ ಇಂಗ್ಲಿಷೂ ಅಲ್ಲ. "ಬಾಕಿ" ಬಾಕಿಯೇ. ಅಂಗಡಿಯಲ್ಲಿ ಶೋಲ್ಡರ್, ಸ್ಲೀವ್, ಫ್ರಂಟ್ ನೆಕ್ ಅನ್ನುವವರೇ ಉದ್ದ, ಸೊಂಟ, ಸುತ್ತಳತೆ ಅಂತಲೂ ಹೇಳುತ್ತಾರೆ. ಅವರ ಬಾಯಲ್ಲಿ ಇರುವುದನ್ನೇ ಬರೆಯಿರಿ. ಜೊತೆಗೆ ಖಾನೆಯ ಹೆಸರನ್ನು ಅವರೇ ಬದಲಿಸಿಕೊಳ್ಳಲು ಬಿಡಿ.

ಆಮೇಲೆ ವ್ಯಾಕರಣ. ಇಂಗ್ಲಿಷ್ ಆ್ಯಪ್‌ನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ವಾಕ್ಯ ಮಾಡುವುದು ಸುಲಭ. ನಮ್ಮಲ್ಲಿ ಹೆಸರಿಗೇ ವಿಭಕ್ತಿ ಅಂಟಿಕೊಳ್ಳುತ್ತದೆ. ಯಂತ್ರ ಹೆಸರಿನ ಪಕ್ಕ ಸುಮ್ನೆ "ಗೆ" ಅಂಟಿಸಿದರೆ ಶಶಿಗೆ ಸರಿಹೋಗುತ್ತದೆ, ಆದರೆ ಮಂಜುನಾಥ್ "ಮಂಜುನಾಥ್ಗೆ" ಆಗಿ, ಸುಮಂಗಲ "ಸುಮಂಗಲಗೆ" ಆಗಿ ವಿಕಾರವಾಗಿ ಕಾಣುತ್ತಾರೆ. ಇದಕ್ಕೆ ನಮ್ಮ ಭಾಷೆಯಲ್ಲೇ ಚೆಂದದ ಪರಿಹಾರ ಇದೆ. "ಅವರು" ಸೇರಿಸಿ. "ಸುಮಂಗಲ ಅವರಿಗೆ", "ಮಂಜುನಾಥ್ ಅವರ ಬಾಕಿ". ವ್ಯಾಕರಣವೂ ಸರಿ, ಮರ್ಯಾದೆಯೂ ಇರುತ್ತದೆ.

ಅಕ್ಷರದ ಆಕಾರವನ್ನು ಮರೆಯಬೇಡಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ "ಒಪ್ಪಿಗೆ" ಅಂತ ಬರೆದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟು ನೋಡಿ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಬೇಡಿ, ಪದ ಒಡೆದ ಹಾಗೆ ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವ ಭೇದ ಇಲ್ಲ, ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಅಥವಾ ಬಣ್ಣ ಬಳಸಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಉಚಿತವಾಗಿ ಬಳಸಬಹುದಾದ ಫಾಂಟ್‌ಗಳು. ನಾವು ಅಳತೆಗಳಿಗೆ ಅನೇಕ್ ಇಟ್ಟುಕೊಂಡೆವು. ಅದರಲ್ಲಿ ಬೇರೆ ಬೇರೆ ಅಗಲ, ದಪ್ಪ ಸಿಗುತ್ತದೆ, ಚಿಕ್ಕ ಜಾಗಕ್ಕೆ ಹೊಂದಿಸುವುದು ಸುಲಭ. ಅಂಕಿ ಮಾತ್ರ 1, 2, 3 ಇರಲಿ. ಟೇಪಿನ ಮೇಲೆ ಇರುವುದೂ ಅದೇ.

ಇದು ಬೆಂಗಳೂರು ಅನ್ನುವುದೂ ನೆನಪಿರಲಿ. ಶ್ರೀರಾಂಪುರ, ಶಿವಾಜಿನಗರ, ಹಲಸೂರಿನ ಕಡೆ ಕನ್ನಡ ಚೆನ್ನಾಗಿ ಮಾತಾಡಿದರೂ ಓದಲು ಬಾರದ ಟೈಲರ್‌ಗಳು ಸಿಗುತ್ತಾರೆ. ಅವರ ಮನೆಮಾತು ತಮಿಳೋ ಉರ್ದುವೋ ಆಗಿರುತ್ತದೆ. ಭಾಷೆ ಬದಲಿಸುವ ಬಟನ್ ಮೊದಲ ಸ್ಕ್ರೀನಿನಲ್ಲೇ ಇರಲಿ, ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ. ಅಳತೆಗಳ ಪಕ್ಕ ಚಿತ್ರ ಇಟ್ಟರೆ ಎಲ್ಲರಿಗೂ ಅನುಕೂಲ.

5. ತಂತ್ರಜ್ಞಾನ ಆರಿಸಿ, ಮುಂದೆ ಹೋಗಿ

ಇದರ ಚರ್ಚೆಯಲ್ಲೇ ತಿಂಗಳು ಕಳೆಯುವವರನ್ನು ನೋಡಿದ್ದೇನೆ. ನಿಮಗೆ ಬರುವುದರಲ್ಲಿ ಕಟ್ಟಿ. ಹೊಸದಾಗಿ ಕಲಿಯುವುದಾದರೆ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಅನ್ನುವ ಆ್ಯಪ್ ಕಟ್ಟುವ ಸಾಧನ ಕಲಿಯಿರಿ, ಒಂದೇ ಕೋಡ್ ಆಂಡ್ರಾಯ್ಡ್‌ಗೂ ಐಫೋನ್‌ಗೂ ನಡೆಯುತ್ತದೆ. ನಮ್ಮ ಟೈಲರ್‌ಗಳೆಲ್ಲ ಆಂಡ್ರಾಯ್ಡ್ ಬಳಸುವವರು, ಹಾಗಾಗಿ ಐಫೋನ್ ಕಡೆಗೆ ಇನ್ನೂ ಹೋಗಿಲ್ಲ.

ಎರಡು ಸಂಗತಿಯಲ್ಲಿ ರಾಜಿ ಬೇಡ. ಒಂದು, ನೆಟ್ ಇಲ್ಲದಿದ್ದರೂ ಆ್ಯಪ್ ಪೂರ್ತಿ ಕೆಲಸ ಮಾಡಬೇಕು. ಚಿಕ್ಕಪೇಟೆಯ ಬೇಸ್‌ಮೆಂಟ್ ಅಂಗಡಿಗಳಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಎರಡು, ಕಡಿಮೆ ಬೆಲೆಯ, ಮೆಮೊರಿ ತುಂಬಿದ ಹಳೇ ಫೋನಿನಲ್ಲಿ ಮೊದಲು ಓಡಿಸಿ ನೋಡಿ. ನಾನು ಒಂದು ಸೆಕೆಂಡ್ ಹ್ಯಾಂಡ್ ಫೋನ್ ತಂದು ಅದನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ.

6. ಅವರು ಬರೆದಿಟ್ಟದ್ದನ್ನು ಕಾಯಿರಿ

ಎರಡನೇ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಇತ್ತು. ನಾವು ಒಂದು ಅಪ್‌ಡೇಟ್ ಬಿಟ್ಟೆವು. ಹಳೇ ಆವೃತ್ತಿಯಲ್ಲಿ ಅಳತೆಗಳು ಬರಹವಾಗಿ ಇದ್ದವು, ಹೊಸದರಲ್ಲಿ ಅಂಕಿಯಾಗಿ ಬದಲಿಸಿದ್ದೆವು. ಆ ಬದಲಾವಣೆಯಲ್ಲಿ ಒಂದು ತಪ್ಪು ಉಳಿದಿತ್ತು. ಕಾಲು, ಅರ್ಧ, ಮುಕ್ಕಾಲು ಎಲ್ಲ ಬಿದ್ದುಹೋದವು. 36½ ಇದ್ದದ್ದು 36 ಆಯಿತು.

ಆ್ಯಪ್ ನಿಲ್ಲಲಿಲ್ಲ, ಯಾವ ಎಚ್ಚರಿಕೆಯೂ ಬರಲಿಲ್ಲ. ಅಕ್ಕ ಮೂರು ಬ್ಲೌಸ್ ಕಟ್ ಮಾಡಿದ ಮೇಲೆ, ನಾಲ್ಕನೆಯವರು ಟ್ರಯಲ್ ನೋಡಿ ಬಿಗಿ ಅಂದಾಗ ಗೊತ್ತಾಯಿತು. ಫೋನ್ ಮಾಡಿ ಅವರು ಬೈಯಲಿಲ್ಲ. "ಪುಸ್ತಕ ಹೀಗೆ ಮಾಡಲ್ಲಮ್ಮ" ಅಂದರು ಅಷ್ಟೇ. ಆ ರಾತ್ರಿ ನಾವಿಬ್ಬರೂ ಬ್ಯಾಕಪ್‌ನಿಂದ ಅಳತೆಗಳನ್ನು ವಾಪಸ್ ತಂದೆವು. ಮಾರನೇ ದಿನ ಎಲ್ಲ ಅಂಗಡಿಗೂ ಫೋನ್ ಮಾಡಿ ತಿಳಿಸಿದೆವು. ಹಾಳಾದ ಬಟ್ಟೆಯ ದುಡ್ಡು ಕೊಟ್ಟೆವು. ಎರಡು ಅಂಗಡಿಯವರು ಪುಸ್ತಕಕ್ಕೇ ಮರಳಿದರು, ಮತ್ತೆ ಬರಲಿಲ್ಲ.

ಅಂದಿನಿಂದ ನಾವು ಪಾಲಿಸುವ ಕ್ರಮ ಇದು. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಅನ್ನು ಹಂತ ಹಂತವಾಗಿ ಬಿಡಬಹುದು. ಮೊದಲು ನೂರಕ್ಕೆ ಐದು ಜನರಿಗೆ, ಎರಡು ದಿನ ಬಿಟ್ಟು ಇಪ್ಪತ್ತಕ್ಕೆ, ಆಮೇಲೆ ಎಲ್ಲರಿಗೂ. ತೊಂದರೆ ಕಂಡರೆ ಅಲ್ಲೇ ನಿಲ್ಲಿಸಬಹುದು. ಆದರೆ ಈಗಾಗಲೇ ಹೊಸದು ಹೋದ ಫೋನಿಗೆ ಹಳೆಯದನ್ನು ವಾಪಸ್ ಕಳಿಸಲು ಆಗುವುದಿಲ್ಲ, ಸರಿಪಡಿಸಿದ ಇನ್ನೊಂದು ಅಪ್‌ಡೇಟ್ ಅನ್ನೇ ಬಿಡಬೇಕು. ಮೊಟ್ಟಮೊದಲ ಬಿಡುಗಡೆಗೆ ಈ ಸೌಲಭ್ಯ ಇಲ್ಲ, ಅಪ್‌ಡೇಟ್‌ಗಳಿಗೆ ಮಾತ್ರ. ಮಾಹಿತಿಯ ರೂಪ ಬದಲಿಸುವಾಗ ಹಳೆಯದನ್ನು ಅಳಿಸದೆ ಕನಿಷ್ಠ ಎರಡು ಆವೃತ್ತಿಯವರೆಗೆ ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ಜನರಿಗೆ ಕೆಲಸ ಜಾಸ್ತಿ ಇರುವ ದಿನಗಳಲ್ಲಿ ಅಪ್‌ಡೇಟ್ ಬಿಡಲೇಬೇಡಿ. ನಾವು ಶ್ರಾವಣ ಶುರುವಾದರೆ ದೀಪಾವಳಿ ಮುಗಿಯುವವರೆಗೆ ತುರ್ತು ರಿಪೇರಿ ಬಿಟ್ಟು ಏನನ್ನೂ ಮುಟ್ಟುವುದಿಲ್ಲ.

ಕಾಯುವುದು ಅಂದರೆ ಗುಟ್ಟು ಕಾಯುವುದೂ ಹೌದು. ನಮ್ಮಲ್ಲಿರುವುದು ಹೆಂಗಸರ ಮೈಯಳತೆ, ಜೊತೆಗೆ ಹೆಸರು, ಫೋನ್ ನಂಬರ್. ಅದು ಯಾರ ಕೈಗೂ ಸಿಗಬಾರದು. ಆ್ಯಪ್‌ಗೆ ಪಿನ್ ಬೀಗ ಇಟ್ಟೆವು. ಪಟ್ಟಿಯಲ್ಲಿ ಪೂರ್ತಿ ನಂಬರ್ ತೋರಿಸುವುದಿಲ್ಲ. ಫೋಟೋ ತೆಗೆಯುವ ಜಾಗದಲ್ಲಿ "ಬಟ್ಟೆ ಮತ್ತು ಡಿಸೈನ್ ಮಾತ್ರ" ಅಂತ ಬರೆದಿದ್ದೇವೆ. ಕಾಂಟ್ಯಾಕ್ಟ್ ಪಟ್ಟಿ, ಲೊಕೇಶನ್ ಯಾವುದಕ್ಕೂ ಅನುಮತಿ ಕೇಳುವುದಿಲ್ಲ. ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಯಾವ ಮಾಹಿತಿಯನ್ನು ಏಕೆ ತೆಗೆದುಕೊಳ್ಳುತ್ತೀರಿ ಅಂತ ಸರಳವಾಗಿ ಹೇಳಿ ಒಪ್ಪಿಗೆ ಪಡೆಯಬೇಕು. 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಮಕ್ಕಳಿಗಾಗಿ ಆ್ಯಪ್ ಮಾಡುವವರು ಈ ಭಾಗವನ್ನು ಒಬ್ಬ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

7. ಪ್ಲೇ ಸ್ಟೋರಿನ ಬಾಗಿಲು

ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆಪಲ್‌ಗೆ ವರ್ಷಕ್ಕೆ 99 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಗಳಿಗೆ ಇನ್ನೊಂದು ನಿಯಮ ಇದೆ. ಕನಿಷ್ಠ 12 ಜನ ಪರೀಕ್ಷಕರು ಬಿಡದೆ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ (ನಾವು ಆರಿಸಿದವರಿಗೆ ಮಾತ್ರ ಆ್ಯಪ್ ಸಿಗುವ ಪರೀಕ್ಷೆ) ಇದ್ದ ಮೇಲೆಯೇ ಆ್ಯಪ್ ಅನ್ನು ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ಮೊದಲು 20 ಜನ ಬೇಕಿತ್ತು, ಆಮೇಲೆ ಇಳಿಸಿದರು. ಇದಕ್ಕೆ ಗೆಳೆಯರನ್ನು, ದುಡ್ಡಿಗೆ ಸಿಗುವ ಪರೀಕ್ಷಕರನ್ನು ಸೇರಿಸಬೇಡಿ. ನಾವು ಹದಿನೈದು ಟೈಲರ್‌ಗಳನ್ನೇ ಸೇರಿಸಿದೆವು. ಎರಡು ವಾರ ನಿಜವಾದ ಅಂಗಡಿಗಳಲ್ಲಿ ಆ್ಯಪ್ ಓಡಿತು, ಮೂವತ್ತಕ್ಕೂ ಹೆಚ್ಚು ಸಣ್ಣ ತಪ್ಪು ಸಿಕ್ಕವು.

ಪ್ರೈವೆಸಿ ಪಾಲಿಸಿಯ ಲಿಂಕ್, ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ ಅಂತ ಪ್ಲೇ ಸ್ಟೋರಿಗೆ ತಿಳಿಸುವ ಡೇಟಾ ಸೇಫ್ಟಿ ಫಾರ್ಮ್ ಮೊದಲೇ ತಯಾರಿರಲಿ. ಆ್ಯಪ್‌ನಲ್ಲಿ ಖಾತೆ ತೆರೆಯಬಹುದಾದರೆ ಅದನ್ನು ಅಳಿಸುವ ದಾರಿಯೂ ಆ್ಯಪ್ ಒಳಗೆ ಮತ್ತು ವೆಬ್ ಪುಟದಲ್ಲಿ ಇರಲೇಬೇಕು.

8. ಹೆಸರು, ಚಿತ್ರ, ನಾಲ್ಕು ಸಾಲು

ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ದೊಡ್ಡ ವಿವರಣೆಗೆ 4000. ಕನ್ನಡದಲ್ಲಿ ಬರೆಯುವಾಗ ಜಾಗ ಬೇಗ ಮುಗಿಯುತ್ತದೆ. ಕೊಂಬು, ಏತ್ವ, ಒತ್ತು ಎಲ್ಲವನ್ನೂ ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. "ಅಳತೆ ಪುಸ್ತಕ" ನಮ್ಮ ಕಣ್ಣಿಗೆ ಆರೇ ಅಕ್ಷರ, ಯಂತ್ರಕ್ಕೆ ನಡುವಿನ ಜಾಗವೂ ಸೇರಿ ಹನ್ನೊಂದು. ಹಾಗಾಗಿ ಹೆಸರಿನಲ್ಲಿ ಎರಡೇ ವಿಷಯ ಇರಲಿ: ಏನು, ಯಾರಿಗೆ.

ಕನ್ನಡದ ಪುಟವನ್ನು ಬೇರೆಯಾಗಿ ತುಂಬಿ, ಇಂಗ್ಲಿಷ್ ಪುಟವೂ ಇರಲಿ. ಕನ್ನಡ ಮಾತಾಡುವ ಎಷ್ಟೋ ಜನ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ದೊಡ್ಡ ವಿವರಣೆಯಲ್ಲಿರುವ ಪದಗಳೂ ಹುಡುಕಾಟಕ್ಕೆ ಲೆಕ್ಕವಾಗುತ್ತವೆ, ಟೈಲರ್, ಬ್ಲೌಸ್, ಅಳತೆ ಇವೆಲ್ಲ ಸಹಜವಾಗಿ ಬರುವಂತೆ ಬರೆಯಿರಿ. ಸ್ಕ್ರೀನ್‌ಶಾಟ್ ಎಂಟರವರೆಗೆ ಹಾಕಬಹುದು, ಆದರೆ ಮೊದಲ ಎರಡನ್ನು ಬಿಟ್ಟು ಮುಂದೆ ನೋಡುವವರು ಕಡಿಮೆ. ನಮ್ಮ ಮೊದಲ ಚಿತ್ರದಲ್ಲಿ ಎಡಕ್ಕೆ ಹರಿದ ಅಳತೆ ಪುಸ್ತಕ, ಬಲಕ್ಕೆ ಅದೇ ಅಳತೆ ಫೋನಿನಲ್ಲಿ. ಮಾತೇ ಬೇಕಾಗಲಿಲ್ಲ.

9. ಮಾರುಕಟ್ಟೆಗೆ ಒಯ್ಯುವುದು

ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಒಂದು ಏಜೆನ್ಸಿಯವರು ಇಂತಿಷ್ಟು ದುಡ್ಡಿಗೆ ಹತ್ತು ಸಾವಿರ ಇನ್‌ಸ್ಟಾಲ್ ತಂದುಕೊಡುತ್ತೇವೆ ಅಂದರು. ಕೊಟ್ಟೆ. ಇನ್‌ಸ್ಟಾಲ್ ಬಂದವು. ಒಬ್ಬರೂ ಒಂದು ಅಳತೆ ಬರೆಯಲಿಲ್ಲ. ಮೂರು ದಿನದಲ್ಲಿ ಎಲ್ಲವೂ ಅನ್‌ಇನ್‌ಸ್ಟಾಲ್. ನಮ್ಮ ಅಂಕಿಅಂಶ ಪೂರ್ತಿ ಕಲಕಿಹೋಯಿತು, ನಿಜವಾದ ಬಳಕೆದಾರರು ಯಾರು ಅಂತ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಆ ದಾರಿಗೆ ಹೋಗಬೇಡಿ.

ನಮಗೆ ಫಲ ಕೊಟ್ಟದ್ದು ಬೇರೆ. ಟೈಲರ್‌ಗಳೆಲ್ಲ ಯಾವ ಜಾಗಕ್ಕೆ ತಪ್ಪದೆ ಹೋಗುತ್ತಾರೆ? ಲೈನಿಂಗ್, ಫಾಲ್, ದಾರ, ಹುಕ್ಕು ಮಾರುವ ಅಂಗಡಿಗೆ. ವಾರಕ್ಕೊಮ್ಮೆಯಾದರೂ ಹೋಗಿಯೇ ಹೋಗುತ್ತಾರೆ. ಚಿಕ್ಕಪೇಟೆ, ಮಲ್ಲೇಶ್ವರ, ರಾಜಾಜಿನಗರದ ಇಂಥ ಅಂಗಡಿಗಳ ಮಾಲೀಕರನ್ನು ಮಾತಾಡಿಸಿ ಗಲ್ಲಾದ ಪಕ್ಕ ಕ್ಯೂಆರ್ ಕೋಡ್ ಇರುವ ಚಿಕ್ಕ ಬೋರ್ಡ್ ಇಟ್ಟೆವು. ಪ್ರತಿ ಅಂಗಡಿಗೂ ಬೇರೆ ಲಿಂಕ್, ಹಾಗಾಗಿ ಯಾವ ಅಂಗಡಿಯಿಂದ ಎಷ್ಟು ಜನ ಬಂದರು ಅಂತ ಗೊತ್ತಾಗುತ್ತದೆ. ಬೋರ್ಡ್ ಇಟ್ಟು ಸುಮ್ಮನಾದ ಅಂಗಡಿಯಿಂದ ಬಂದವರು ತೀರಾ ಕಡಿಮೆ. ಮಾಲೀಕರೇ ಬಾಯಿಬಿಟ್ಟು "ಇದು ಹಾಕ್ಕೊಳಮ್ಮ, ನಮ್ ಮನೆಯವರೂ ಬಳಸ್ತಾರೆ" ಅಂದ ಅಂಗಡಿಯಿಂದ ಬಂದವರು ಉಳಿದರು. ನಿಮ್ಮ ಜನರೂ ಹೀಗೆ ಸೇರುವ ಒಂದು ಜಾಗ ಇರುತ್ತದೆ, ಹುಡುಕಿ.

ಹೊತ್ತು ಅದಕ್ಕಿಂತ ಮುಖ್ಯ. ನಾವು ಮೊದಲ ವರ್ಷ ಶ್ರಾವಣದಲ್ಲಿ ಪ್ರಚಾರಕ್ಕೆ ಹೋದೆವು, ಟೈಲರ್‌ಗಳಿಗೆ ಕೆಲಸ ಜಾಸ್ತಿ ಇರುವಾಗಲೇ ಆ್ಯಪ್ ಬೇಕಾಗುತ್ತದೆ ಅಂತ. ಯಾರೂ ತಲೆ ಎತ್ತಿ ನೋಡಲಿಲ್ಲ. ಅವರಿಗೆ ಬಿಡುವು ಇರುವುದು ಆಷಾಢದಲ್ಲಿ. ಮದುವೆ ಇಲ್ಲ, ಮುಂಜಿ ಇಲ್ಲ. ಸೀರೆ ಅಂಗಡಿಗಳ ಆಷಾಢ ಸೇಲ್‌ನಲ್ಲಿ ತಗೊಂಡ ಸೀರೆಗಳು ಬ್ಲೌಸ್‌ಗೆ ಬರುವುದು ಅದಾದ ಮೇಲೆ. ಈಗ ನಾವು ಆಷಾಢದಲ್ಲಿ ಅಂಗಡಿ ಅಂಗಡಿಗೆ ಹೋಗಿ, ಪಕ್ಕ ಕೂತು, ಹಳೇ ಪುಸ್ತಕದ ಮೊದಲ ಇಪ್ಪತ್ತು ಅಳತೆಗಳನ್ನು ನಾವೇ ಹಾಕಿಕೊಡುತ್ತೇವೆ. ಶ್ರಾವಣ ಬರುವ ಹೊತ್ತಿಗೆ ಕೈ ಪಳಗಿರುತ್ತದೆ.

ಆ್ಯಪ್ ತಾನೇ ಹರಡುವ ಒಂದು ದಾರಿಯನ್ನೂ ಇಟ್ಟುಕೊಳ್ಳಿ. ಬಟ್ಟೆ ತಯಾರಾದಾಗ ಟೈಲರ್ ಒಂದು ಬಟನ್ ಒತ್ತಿದರೆ ಕಸ್ಟಮರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ "ನಿಮ್ಮ ಬ್ಲೌಸ್ ರೆಡಿ ಇದೆ, ಬಾಕಿ 350 ರೂಪಾಯಿ" ಅಂತ ಹೋಗುತ್ತದೆ. ಮೇಲೆ ಅಂಗಡಿಯ ಹೆಸರು ದೊಡ್ಡದಾಗಿ, ಕೆಳಗೆ ನಮ್ಮ ಹೆಸರು ಸಣ್ಣದಾಗಿ. ಆ ಕಸ್ಟಮರ್ ಇನ್ನೊಬ್ಬ ಟೈಲರ್‌ಗೆ ತೋರಿಸುತ್ತಾರೆ.

ರೇಟಿಂಗ್ ಕೇಳುವುದಾದರೆ ಕೆಲಸ ಸುಸೂತ್ರವಾಗಿ ಮುಗಿದ ಗಳಿಗೆಯಲ್ಲಿ ಕೇಳಿ. ನಾವು ಐವತ್ತನೇ ಆರ್ಡರ್ ಕೊಟ್ಟು ಮುಗಿಸಿದಾಗ ಕೇಳುತ್ತೇವೆ. ಒಳ್ಳೇ ರೇಟಿಂಗ್‌ಗೆ ದುಡ್ಡೋ ಉಡುಗೊರೆಯೋ ಕೊಡುವುದು ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಬರೆದವರ ಭಾಷೆಯಲ್ಲೇ ಉತ್ತರ ಕೊಡಿ. 350 ಅಕ್ಷರದ ಮಿತಿ ಇದೆ, ಸಾಕಾಗುತ್ತದೆ.

10. ಯಾವ ಅಂಕಿ ನೋಡಬೇಕು, ಎಷ್ಟು ದುಡ್ಡು ಕೇಳಬೇಕು

ಇನ್‌ಸ್ಟಾಲ್ ಎಷ್ಟು ಅನ್ನುವುದನ್ನು ನಾವು ನೋಡುವುದನ್ನೇ ಬಿಟ್ಟೆವು. ನೋಡುವುದು ಒಂದೇ: ಈ ವಾರ ಹತ್ತಾದರೂ ಅಳತೆ ಬರೆದ ಅಂಗಡಿಗಳು ಎಷ್ಟು? ಅದು ಇಳಿದರೆ ಸೋಮವಾರ ಮೂರು ಅಂಗಡಿಗೆ ಹೋಗಿ ಬರುತ್ತೇವೆ. ಇದರ ಜೊತೆ ಆ್ಯಪ್ ಎಷ್ಟು ಸಲ ಕುಸಿಯುತ್ತದೆ ಅನ್ನುವುದನ್ನೂ ನೋಡಿ. ದಿನದ ಬಳಕೆದಾರರಲ್ಲಿ ಶೇಕಡಾ 1.09ಕ್ಕಿಂತ ಹೆಚ್ಚು ಜನರಿಗೆ ಕ್ರ್ಯಾಶ್ ಆದರೆ, ಅಥವಾ ಶೇಕಡಾ 0.47ಕ್ಕಿಂತ ಹೆಚ್ಚು ಜನರಿಗೆ ಆ್ಯಪ್ ಸ್ತಬ್ಧವಾದರೆ, ಪ್ಲೇ ಸ್ಟೋರ್ ನಿಮ್ಮ ಆ್ಯಪ್ ಅನ್ನು ತೋರಿಸುವುದನ್ನು ಕಡಿಮೆ ಮಾಡಬಹುದು.

ಬೆಲೆಯ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಯಾತ್ರಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಶುರುವಾದ ಆ್ಯಪ್ ಅದು. ಆಮೇಲೆ ಶುಲ್ಕ ಇಟ್ಟಾಗ ಪ್ರತಿ ಸವಾರಿಗೆ ಕಮಿಷನ್ ಹಿಡಿಯುವ ಬದಲು ದಿನಕ್ಕೆ 25 ರೂಪಾಯಿ, ಇಲ್ಲವೇ ಸವಾರಿಗೆ ಮೂರೂವರೆ ರೂಪಾಯಿ ಅಂತ ಮಾಡಿದರು. ಆಟೋದವರು ಸಂಪಾದನೆಯನ್ನು ದಿನದ ಲೆಕ್ಕದಲ್ಲಿ ನೋಡುತ್ತಾರೆ. ಶುಲ್ಕವೂ ಅದೇ ಲೆಕ್ಕದಲ್ಲಿ ಬಂತು. ನಾವು ತಿಂಗಳ ಶುಲ್ಕ ಇಟ್ಟಿದ್ದೆವು, ಕೆಲಸ ಇಲ್ಲದ ತಿಂಗಳಲ್ಲಿ ಟೈಲರ್‌ಗಳು ನಿಲ್ಲಿಸಿಬಿಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅಂತ ಬದಲಿಸಿ ಹಬ್ಬದ ಸೀಸನ್ ಅಷ್ಟಕ್ಕೇ ತೆಗೆದುಕೊಳ್ಳಲು ಬಿಟ್ಟ ಮೇಲೆ ಜನ ಬೇಸರವಿಲ್ಲದೆ ಕೊಡುತ್ತಿದ್ದಾರೆ. ಅದರಲ್ಲಿ ಪ್ಲೇ ಸ್ಟೋರ್ ಶೇಕಡಾ 15 ಹಿಡಿದುಕೊಳ್ಳುತ್ತದೆ, ಬೆಲೆ ಇಡುವಾಗಲೇ ಅದನ್ನು ಲೆಕ್ಕ ಹಾಕಿಕೊಳ್ಳಿ. ಶುಲ್ಕ ಕೊಡದವರಿಗೂ ಹಳೇ ಅಳತೆ ನೋಡಲು ಯಾವತ್ತೂ ತಡೆ ಇಲ್ಲ. ಅದು ಅವರದೇ ಅಳತೆ.

11. ಹೊರಗೆ ಹೋಗುವ ಬಾಗಿಲನ್ನೂ ಇಡಿ

ನಾಳೆ ನಾವು ಆ್ಯಪ್ ನಿಲ್ಲಿಸಬೇಕಾಗಿ ಬಂದರೆ? ಅವರ ಫೋನ್ ಕಳೆದುಹೋದರೆ? ಬೇರೆ ಆ್ಯಪ್ ಇಷ್ಟವಾದರೆ? ಇದಕ್ಕಾಗಿ ಸೆಟ್ಟಿಂಗ್ಸ್‌ನಲ್ಲಿ "ಎಲ್ಲಾ ಅಳತೆ ಪಿಡಿಎಫ್ ಮಾಡಿ" ಅಂತ ಒಂದು ಬಟನ್ ಇಟ್ಟಿದ್ದೇವೆ. ನೀವು ಕೂಡ ಮೊದಲ ಆವೃತ್ತಿಯಲ್ಲೇ ಇಂಥದ್ದೊಂದನ್ನು ಇಡಿ, ಹುಡುಕಿದ ತಕ್ಷಣ ಸಿಗುವ ಜಾಗದಲ್ಲಿ ಇಡಿ. ಹೊರಗೆ ಹೋಗಲು ದಾರಿ ಇದೆ ಅಂತ ಗೊತ್ತಿರುವವರು ಒಳಗೆ ಧೈರ್ಯವಾಗಿ ಬರುತ್ತಾರೆ.

ಶ್ರೀರಾಂಪುರದ ಅಕ್ಕ ಪ್ರತಿ ತಿಂಗಳ ಕೊನೆಗೆ ಆ ಬಟನ್ ಒತ್ತುತ್ತಾರೆ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ದಾರ ಪೋಣಿಸಿ ತಾವೇ ಹೊಲಿದು, ಆ ಹನ್ನೊಂದು ಪುಸ್ತಕಗಳ ಪಕ್ಕದಲ್ಲಿ ಇಡುತ್ತಾರೆ. ಹೋದ ವಾರ ನೋಡಿದಾಗ ಅದರ ರಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ 12 ಅಂತ ಬರೆದಿತ್ತು.